ಮಾತು ಮುಗಿಸುವುದು ಕೇಳುವವನು

ನಮ್ಮ ಮಂಡ್ಯ ಕಡೆ ಚೆನ್ನಾಗಿ ಮಾತಾಡುವವರನ್ನು ಜನ ಇಷ್ಟಪಡುತ್ತಾರೆ, ಆದರೆ ಪೂರ್ತಿ ನಂಬುವುದಿಲ್ಲ. ವೇದಿಕೆ ಮೇಲೆ ಇರುವ ತನಕ ಶಿಳ್ಳೆ, ಚಪ್ಪಾಳೆ. ಇಳಿದ ಮೇಲೆ ಟೀ ಅಂಗಡಿಯಲ್ಲಿ "ಮಾತಲ್ಲೇ ಮನೆ ಕಟ್ತಾನೆ ಬಿಡು" ಅನ್ನುತ್ತಾರೆ. ರೆಟರಿಕ್ ಅನ್ನುವ ವಿದ್ಯೆಗೂ ಇದೇ ಹಣೆಬರಹ. ಒಪ್ಪಿಸುವ ಹಾಗೆ ಮಾತಾಡುವುದು ಹೇಗೆ ಅಂತ ಸುಮಾರು ಎರಡೂವರೆ ಸಾವಿರ ವರ್ಷದಿಂದ ಕಲಿಸುತ್ತಾ ಬಂದಿದ್ದಾರೆ, ಹೆಚ್ಚುಕಡಿಮೆ ಅಷ್ಟೇ ಕಾಲದಿಂದ ಅದನ್ನು ಬೈಯುತ್ತಲೂ ಬಂದಿದ್ದಾರೆ. ಯಾರದ್ದಾದರೂ ಭಾಷಣವನ್ನು "ಬರೀ ರೆಟರಿಕ್" ಅಂದುಬಿಟ್ಟರೆ ಸಾಕು, ಒಳಗೆ ಏನೂ ಹುರುಳಿಲ್ಲ ಅಂತ ಎಲ್ಲರಿಗೂ ಅರ್ಥವಾಗುತ್ತದೆ.

ನನಗೆ ಈ ಬೈಗುಳ ಸರಿ ಅನ್ನಿಸುವುದಿಲ್ಲ. ಅಧಿಕಾರ ಇದ್ದವನಿಗೆ ಒಪ್ಪಿಸುವ ಕೆಲಸವೇ ಇಲ್ಲ. ಅವನು ಆರ್ಡರ್ ಮಾಡಿದರೆ ಮುಗಿಯಿತು. ದುಡ್ಡಿದ್ದವನು ಕೊಂಡುಕೊಳ್ಳುತ್ತಾನೆ. ಎದುರಿಗಿರುವವನನ್ನು ಮಾತಿನಿಂದಲೇ ಒಪ್ಪಿಸಬೇಕಾದ ಅನಿವಾರ್ಯ ಇರುವುದು ಕೈಯಲ್ಲಿ ಬೇರೇನೂ ಇಲ್ಲದವನಿಗೆ. ಈ ವಿದ್ಯೆ ಹುಟ್ಟಿದ ಕಥೆಯೂ ಹಾಗೇ ಇದೆ. ಕ್ರಿಸ್ತಪೂರ್ವ 5ನೇ ಶತಮಾನದಲ್ಲಿ ಸಿಸಿಲಿ ದ್ವೀಪದ ಸಿರಾಕ್ಯೂಸ್‌ನಲ್ಲಿ ಸರ್ವಾಧಿಕಾರಿಗಳು ಬಿದ್ದರು. ಅವರ ಕಾಲದಲ್ಲಿ ಜಮೀನು ಕಳೆದುಕೊಂಡವರು ಅದನ್ನು ವಾಪಸ್ ಕೇಳಲು ನ್ಯಾಯಸಭೆಗೆ ಬಂದರು. ತಮ್ಮ ಪರವಾಗಿ ತಾವೇ ನಿಂತು ಮಾತಾಡಬೇಕು. ಅಂಥವರಿಗೆ ಹೇಳಿಕೊಡುವುದಕ್ಕೆ ಕೊರಾಕ್ಸ್, ಟಿಸಿಯಾಸ್ ಅನ್ನುವ ಇಬ್ಬರು ಪಾಠ ಶುರು ಮಾಡಿದರು ಅಂತ ಗ್ರೀಕರ ಹಳೆಯ ಮಾತು. ಇದನ್ನು ಓದುವಾಗ ಪಹಣಿ, ಪೋಡಿ, ಖಾತೆ ಅಂತ ಕೈಯಲ್ಲಿ ಪ್ಲಾಸ್ಟಿಕ್ ಕವರ್ ಹಿಡಿದು ತಾಲ್ಲೂಕು ಕಚೇರಿ ಮುಂದೆ ಕೂತಿರುವ ನಮ್ಮವರ ಮುಖಗಳು ನನ್ನ ಕಣ್ಣ ಮುಂದೆ ಬರುತ್ತವೆ.

ಗ್ರೀಕ್ ತತ್ವಜ್ಞಾನಿ ಪ್ಲೇಟೋಗೆ ಮಾತ್ರ ಇದನ್ನು ಕಂಡರೆ ಆಗುತ್ತಿರಲಿಲ್ಲ. ಮಕ್ಕಳೇ ತೀರ್ಪು ಕೊಡುವ ಸಭೆಯಲ್ಲಿ ಅಡುಗೆಯವನೂ ವೈದ್ಯನೂ ಎದುರುಬದುರು ನಿಂತರೆ ವೈದ್ಯ ಸೋಲುತ್ತಾನೆ ಅಂತ ಅವನು ಸಾಕ್ರಟೀಸ್ ಬಾಯಲ್ಲಿ ಹೇಳಿಸುತ್ತಾನೆ. ಒಬ್ಬ ಸಿಹಿ ಕೊಡುತ್ತಾನೆ, ಇನ್ನೊಬ್ಬ ಕಹಿ ಮದ್ದು ಕುಡಿಸುತ್ತಾನೆ. ಮಕ್ಕಳು ಯಾರ ಕಡೆ ಹೋಗುತ್ತಾರೆ ಹೇಳಿ. ಈ ಆಕ್ಷೇಪ ಸಣ್ಣದಲ್ಲ, ಮುಂದೆ ಮತ್ತೆ ನೋಡೋಣ.

ಅವನ ಶಿಷ್ಯ ಅರಿಸ್ಟಾಟಲ್ ಇದೇ ವಿದ್ಯೆಯನ್ನು ಕೂತು ಬಿಡಿಸಿ ನೋಡಿದ. ಜನ ಒಪ್ಪುವುದಕ್ಕೆ ಮೂರು ದಾರಿ ಅಂದ: ಮಾತಾಡುವವನ ಮೇಲಿನ ನಂಬಿಕೆ, ಕೇಳುವವನ ಮನಸ್ಸಿನ ಸ್ಥಿತಿ, ವಿಷಯದಲ್ಲೇ ಇರುವ ತರ್ಕ. ಇದನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಅವನು ಹೇಳಿದ ಇನ್ನೊಂದು ವಿಚಾರ. ಜನರ ಮುಂದೆ ಮಾತಾಡುವವನು ತರ್ಕದ ಎಲ್ಲ ಮೆಟ್ಟಿಲನ್ನೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಕೇಳುವವರಿಗೆ ಗೊತ್ತಿರುವುದನ್ನು ಬಿಟ್ಟುಬಿಡಬಹುದು, ಅವರೇ ಸೇರಿಸಿಕೊಳ್ಳುತ್ತಾರೆ. ಅವನ ಉದಾಹರಣೆ ಡೋರಿಯಸ್ ಅನ್ನುವ ಕ್ರೀಡಾಪಟು. ಅವನು ಒಲಿಂಪಿಕ್ಸ್‌ನಲ್ಲಿ ಗೆದ್ದ ಅಂದರೆ ಸಾಕು. ಗೆದ್ದವನಿಗೆ ಕಿರೀಟ ಸಿಗುತ್ತದೆ ಅಂತ ಹೇಳುವುದು ಬೇಡ, ಅದು ಎಲ್ಲರಿಗೂ ಗೊತ್ತು.

ನೋಡಲು ತೀರಾ ಸಾಮಾನ್ಯ ಸಂಗತಿ. ಆದರೆ ಒಪ್ಪಿಸುವ ಮಾತಿನ ಜೀವ ಇರುವುದು ಇಲ್ಲೇ ಅಂತ ನಾನು ನಂಬಿದ್ದೇನೆ. ಮಾತಾಡುವವನು ಒಂದು ಜಾಗ ಖಾಲಿ ಬಿಡುತ್ತಾನೆ. ಕೇಳುವವನು ಅದನ್ನು ತನ್ನ ಸ್ವಂತ ಸಾಮಾನಿನಿಂದ ತುಂಬುತ್ತಾನೆ. ತಾನೇ ತುಂಬಿದ್ದರಿಂದ ಅದು ತನ್ನದೇ ವಿಚಾರ ಅನ್ನಿಸುತ್ತದೆ, ತನ್ನದೇ ವಿಚಾರವನ್ನು ಯಾರು ತಾನೇ ಅನುಮಾನಿಸುತ್ತಾರೆ?

ಮದ್ದೂರಿನಿಂದ ಶ್ರೀರಂಗಪಟ್ಟಣದ ಕಡೆಗೆ ಹೋಗುವ ಹಳೇ ರಸ್ತೆಯಲ್ಲಿ ಬೆಲ್ಲ ಮಾರುವವರನ್ನು ನೋಡಿದ್ದೀರಲ್ಲ. ಎರಡು ಗುಡ್ಡೆ. ಒಂದು ಹೊಳೆಯುವ ಹಳದಿ ಅಚ್ಚು, ಇನ್ನೊಂದು ಕಪ್ಪಗೆ, ಸ್ವಲ್ಪ ಜಿಗುಟು. ಕಾರು ನಿಲ್ಲಿಸಿದವರು ಕಪ್ಪು ಬೆಲ್ಲ ಎತ್ತಿಕೊಂಡು ನೋಡಿದಾಗ ವ್ಯಾಪಾರಿ ಹೇಳುವುದು ಇಷ್ಟೇ: "ಅದು ಹಂಗೇ ಇರೋದು ಸಾರ್, ಬಣ್ಣಕ್ಕೆ ಏನೂ ಹಾಕಿಲ್ಲ." ಉಳಿದದ್ದನ್ನು ಕಾರಿನಲ್ಲಿ ಬಂದವರೇ ಮುಗಿಸುತ್ತಾರೆ. ಬಣ್ಣಕ್ಕೆ ಹಾಕಿಲ್ಲ ಅಂದರೆ ಕೆಮಿಕಲ್ ಇಲ್ಲ, ಕೆಮಿಕಲ್ ಇಲ್ಲ ಅಂದರೆ ಶುದ್ಧ, ಶುದ್ಧ ಅಂದರೆ ಮಕ್ಕಳಿಗೆ ಒಳ್ಳೆಯದು. ಹಳದಿ ಬಣ್ಣ ಬರಲಿ ಅಂತ ಎಷ್ಟೋ ಆಲೆಮನೆಗಳಲ್ಲಿ ಹೈಡ್ರೋಸ್, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್, ಹಾಕುವುದು ನಿಜ. ಆದರೆ ಬೆಲ್ಲ ಕಪ್ಪಾಗುವುದಕ್ಕೆ ಬೇರೆ ಕಾರಣಗಳೂ ಇವೆ. ಪಾಕ ಹೆಚ್ಚು ಕಾದರೆ ಕಪ್ಪಾಗುತ್ತದೆ, ಸೌಳು ಮಣ್ಣಿನ ಕಬ್ಬಾದರೆ ಕಪ್ಪಾಗುತ್ತದೆ, ಕೊಳಕು ಸರಿಯಾಗಿ ತೆಗೆಯದಿದ್ದರೂ ಕಪ್ಪಾಗುತ್ತದೆ. ವ್ಯಾಪಾರಿ ಒಂದೂ ಸುಳ್ಳು ಹೇಳಲಿಲ್ಲ. ಶುದ್ಧ ಅನ್ನುವ ಮಾತೂ ಅವನ ಬಾಯಿಂದ ಬರಲಿಲ್ಲ.

ಕಾವೇರಿ ವಿಚಾರಕ್ಕೆ ಬಂದರೆ ಅಂಕಿಗಳೇ ಈ ಕೆಲಸ ಮಾಡುತ್ತವೆ. ಅಂಕಿ ಅಂದರೆ ಸತ್ಯ, ಅದರಲ್ಲಿ ಮಾತಿನ ಮೋಡಿ ಎಲ್ಲಿ ಬಂತು ಅಂತ ಅಂದುಕೊಳ್ಳುತ್ತೇವೆ. 2016ರ ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟ್ ಹತ್ತು ದಿನ, ದಿನಕ್ಕೆ 15 ಸಾವಿರ ಕ್ಯೂಸೆಕ್ ನೀರನ್ನು ತಮಿಳುನಾಡಿಗೆ ಬಿಡಲು ಕರ್ನಾಟಕಕ್ಕೆ ಹೇಳಿತು. ಮಂಡ್ಯದಲ್ಲಿ ಅವತ್ತು ಬೆಂಕಿಯಂತೆ ಹರಡಿದ್ದು ಆ "15 ಸಾವಿರ". ಕ್ಯೂಸೆಕ್ ಅಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಲೆಕ್ಕ ಹಾಕಿ ನೋಡಿ, ದಿನಕ್ಕೆ 15 ಸಾವಿರ ಕ್ಯೂಸೆಕ್ ಅಂದರೆ ಸುಮಾರು 1.3 ಟಿಎಂಸಿ, ಹತ್ತು ದಿನಕ್ಕೆ 13 ಟಿಎಂಸಿ. ಅದೇ ನೀರು. ಒಂದು ಥರ ಹೇಳಿದರೆ ಎದೆ ಧಸಕ್ ಅನ್ನುತ್ತದೆ, ಇನ್ನೊಂದು ಥರ ಹೇಳಿದರೆ "ಅಷ್ಟೇನಾ" ಅನ್ನಿಸುತ್ತದೆ. ಎರಡೂ ಪೂರ್ತಿ ಸರಿಯಲ್ಲ. ಕೆಆರ್‌ಎಸ್ ತುಂಬಿದಾಗ ಹಿಡಿಯುವುದೇ 49.45 ಟಿಎಂಸಿ ಅನ್ನುವುದನ್ನು ಪಕ್ಕದಲ್ಲಿ ಇಟ್ಟಾಗ ಮಾತ್ರ ಆ 13 ಎಷ್ಟು ಅಂತ ಗೊತ್ತಾಗುತ್ತದೆ. ಆಗ ಅದು ಸಣ್ಣದಲ್ಲ ಅಂತಲೂ ತಿಳಿಯುತ್ತದೆ.

ಅಡಿ ಲೆಕ್ಕವೂ ಹಾಗೆ. ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ. ಟಿವಿಯಲ್ಲಿ "ಕೆಆರ್‌ಎಸ್ ನೀರಿನ ಮಟ್ಟ 100 ಅಡಿ" ಅಂತ ಬಂದರೆ ನೂರಿಪ್ಪತ್ತನಾಲ್ಕಕ್ಕೆ ನೂರು ಇದೆಯಲ್ಲ, ಮುಕ್ಕಾಲಿಗಿಂತ ಜಾಸ್ತಿ ಇದೆ ಅಂತ ಮನಸ್ಸು ತಾನಾಗಿ ಹೇಳಿಬಿಡುತ್ತದೆ. ನಿಜವಾಗಿ ನೀರು ಅರ್ಧಕ್ಕಿಂತ ಕಡಿಮೆ ಇರುತ್ತದೆ. ಜಲಾಶಯ ಕೆಳಗೆ ಕಿರಿದು, ಮೇಲೆ ಹೋದಷ್ಟೂ ಅಗಲ, ಹಾಗಾಗಿ ಮೇಲಿನ ಒಂದೊಂದು ಅಡಿಯಲ್ಲೂ ಕೆಳಗಿನ ಅಡಿಗಿಂತ ಎಷ್ಟೋ ಹೆಚ್ಚು ನೀರು ಕೂರುತ್ತದೆ. ಸುದ್ದಿ ಓದಿದವರು ಯಾರನ್ನೂ ಮೋಸ ಮಾಡಲಿಲ್ಲ. ಖಾಲಿ ಬಿಟ್ಟ ಜಾಗವನ್ನು ನಾವು ತಪ್ಪು ಸಾಮಾನಿನಿಂದ ತುಂಬಿಕೊಂಡೆವು, ಅಷ್ಟೇ.

ಇದೇ ನೀರಿನ ಬಗ್ಗೆ ದೆಹಲಿಯಲ್ಲಿ ವಾದ ನಡೆದದ್ದು ಬೇರೆ ಭಾಷೆಯಲ್ಲಿ. ಅಲ್ಲಿ ಮೈಸೂರು, ಮದ್ರಾಸ್ ನಡುವಿನ 1892ರ ಒಪ್ಪಂದ, 1924ರ ಒಪ್ಪಂದ, ಯಾವ ವರ್ಷ ಎಷ್ಟು ಎಕರೆ ನೀರಾವರಿ ಇತ್ತು ಅನ್ನುವುದೇ ಮಾತು. ಕೋರ್ಟಿನ ಮಾತು ಆಗಿಹೋದದ್ದರ ಬಗ್ಗೆ, ಶಾಸನಸಭೆಯ ಮಾತು ಮುಂದೆ ಆಗಬೇಕಾದದ್ದರ ಬಗ್ಗೆ ಅಂತ ಅರಿಸ್ಟಾಟಲ್ ವಿಂಗಡಿಸಿದ್ದು ನೆನಪಾಗುತ್ತದೆ. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚು ಸಿಕ್ಕಿತು. ಅದರಲ್ಲಿ 10 ಟಿಎಂಸಿ ತಮಿಳುನಾಡಿನ ಅಂತರ್ಜಲವನ್ನು ಲೆಕ್ಕಕ್ಕೆ ಹಿಡಿದು ಕೊಟ್ಟದ್ದು, 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ. ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದೊಳಗೆ ಇದೆ ಅಂತ ಈ ಮೊದಲು ಕಾವೇರಿ ಜಲವಿವಾದ ನ್ಯಾಯಮಂಡಳಿ ಅದರ ಪಾಲು ಕಡಿಮೆ ಮಾಡಿತ್ತು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಕುಡಿಯುವ ನೀರಿಗೆ ಮೊದಲ ಜಾಗ ಅನ್ನುವುದು ನ್ಯಾಯಮೂರ್ತಿಗಳು ಆಗಲೇ ಒಪ್ಪಿಕೊಂಡಿರುವ ವಿಚಾರ. ವಕೀಲರು ಅಲ್ಲಿ ಕಣ್ಣೀರು ಹಾಕಬೇಕಾಗಿಲ್ಲ, ಮಾತನ್ನು ಆ ಒಪ್ಪಿಗೆಯ ಬಾಗಿಲ ತನಕ ತಂದು ನಿಲ್ಲಿಸಿದರೆ ಸಾಕು.

ಈ ಕೆಲಸವನ್ನು ನಮ್ಮ ಜನ ಎಷ್ಟು ಚೆನ್ನಾಗಿ ಮಾಡುತ್ತಾರೆ ಅಂತ ಒಂದು ನೀರಿನ ಸಭೆಯಲ್ಲಿ ಕಣ್ಣಾರೆ ನೋಡಿದೆ. ಮಳವಳ್ಳಿ ಕಡೆಯ ನಾಲೆ ಕೊನೆಯ ರೈತರು ಬಂದಿದ್ದರು. ನಾಲೆಗೆ ನೀರು ಬಿಟ್ಟರೂ ಮೇಲಿನವರದ್ದೆಲ್ಲ ಮುಗಿದು ಇವರ ತೂಬಿಗೆ ಬರುವಷ್ಟರಲ್ಲಿ ಕಟ್ಟು ಬಿದ್ದಿರುತ್ತದೆ, ಅಂದರೆ ನಾಲೆಯ ನೀರು ನಿಲ್ಲಿಸಿರುತ್ತಾರೆ. ಮೊದಲು ಮಾತಾಡಿದವರೆಲ್ಲ ಅನ್ನದಾತ, ದೇಶದ ಬೆನ್ನೆಲುಬು, ರೈತನ ಶಾಪ ತಟ್ಟುತ್ತೆ ಅಂತ ಗುಡುಗಿದರು. ಅವರ ನೋವು ನಿಜವಾದದ್ದೇ. ಆದರೆ ಮೇಜಿನ ಆಚೆ ಕೂತ ಇಂಜಿನಿಯರ್ ತಲೆ ತಗ್ಗಿಸಿ ಪ್ಯಾಡಿನ ಮೇಲೆ ಏನೋ ಗೀಚುತ್ತಲೇ ಇದ್ದರು. ಆ ಮಾತುಗಳನ್ನು ಅವರು ಎಲ್ಲ ಸಭೆಯಲ್ಲೂ ಕೇಳಿರುತ್ತಾರೆ, ಅವುಗಳಲ್ಲಿ ಅವರು ತುಂಬಬೇಕಾದ ಜಾಗವೇ ಇಲ್ಲ.

ಆಮೇಲೆ ವಯಸ್ಸಾದ ಒಬ್ಬರು ಎದ್ದರು. ಮಾತಾಡುವ ಮೊದಲು ಹೆಗಲ ಮೇಲಿದ್ದ ಟವೆಲ್ ಬಿಚ್ಚಿದರು. ಒದ್ದೆ ಟವೆಲ್. ಒಳಗೆ ಒಟ್ಲಿನಿಂದ, ಅಂದರೆ ಸಸಿಮಡಿಯಿಂದ, ಅವತ್ತೇ ಬೆಳಿಗ್ಗೆ ಕಿತ್ತ ಒಂದು ಹಿಡಿ ಭತ್ತದ ಪೈರು, ಬೇರಿನಲ್ಲಿ ಇನ್ನೂ ಕೆಸರು. ಅದನ್ನು ಮೇಜಿನ ಮೇಲೆ ಇಟ್ಟು "ಸಾರ್, ನೀವೂ ಬೇಸಾಯದವರ ಮನೆಯವರೇ ಅಂತ ಕೇಳಿದೀನಿ. ಇದಕ್ಕೆ ಎಷ್ಟು ದಿನ ಆಗೈತೆ ನೋಡಿ ಹೇಳಿ" ಅಂದರು. ಇಂಜಿನಿಯರ್ ಪೆನ್ನು ಕೆಳಗಿಟ್ಟರು. ಒಂದು ಪೈರು ಬಿಡಿಸಿಕೊಂಡು ಬುಡವನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದರು. ಗೆಣ್ಣು ಕಟ್ಟಿತ್ತು. ಗರಿಯ ತುದಿ ಹಳದಿ ತಿರುಗಿತ್ತು. "ನಲವತ್ತು ದಾಟಿದೆ" ಅಂದರು. "ಇನ್ನೇನಿಲ್ಲ ಸಾರ್" ಅಂತ ಆ ಹಿರಿಯರು ಕೂತುಬಿಟ್ಟರು.

ಬೇಸಾಯ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪೈರನ್ನು ಸಾಮಾನ್ಯವಾಗಿ ಇಪ್ಪತ್ತರಿಂದ ಇಪ್ಪತ್ತೈದು ದಿನದೊಳಗೆ ಕಿತ್ತು ನಾಟಿ ಹಾಕುತ್ತಾರೆ. ಬಲಿತು ಗೆಣ್ಣು ಕಟ್ಟಿದ ಪೈರು ಗದ್ದೆಗೆ ಹೋದ ಮೇಲೆ ಸರಿಯಾಗಿ ತೆಂಡೆ ಹೊಡೆಯುವುದಿಲ್ಲ, ಅಂದರೆ ಬುಡದಿಂದ ಮರಿ ಕವಲು ಒಡೆಯುವುದಿಲ್ಲ, ತೆನೆ ಕಡಿಮೆಯಾಗುತ್ತದೆ. ಒಟ್ಲು ಬಿಟ್ಟವರು ನೀರು ಬರುತ್ತದೆ ಅಂತ ಕಾದು ಕಾದು ಕೂತರೆ ನೀರು ಬಂದ ಮೇಲೂ ಬೆಳೆ ಕೈಕೊಡುತ್ತದೆ. ಇಷ್ಟೂ ಮಾತನ್ನು ಆ ಹಿರಿಯರು ಹೇಳಲಿಲ್ಲ. ಇಂಜಿನಿಯರ್ ತಾವೇ ಹೇಳಿಕೊಂಡರು, ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆ ಸಲ ಕೊನೆ ಭಾಗಕ್ಕೆ ನೀರು ಬಂತು. ಆ ಪೈರಿನ ಹಿಡಿಯಿಂದಲೇ ಬಂತು ಅಂತ ನಾನು ಹೇಳುವುದಿಲ್ಲ, ಮೇಲೆ ಮಳೆಯೂ ಕೈ ಹಿಡಿದಿತ್ತು. ಆದರೆ ಆ ಸಭೆಯ ಗಾಳಿ ಬದಲಾದದ್ದು ಆ ಕ್ಷಣದಲ್ಲೇ.

ಬೆಲ್ಲದ ವ್ಯಾಪಾರಿಯೂ ಜಾಗ ಬಿಟ್ಟ, ಪೈರು ತಂದವರೂ ಜಾಗ ಬಿಟ್ಟರು. ಹಾಗಾದರೆ ವ್ಯತ್ಯಾಸ ಎಲ್ಲಿದೆ? ನಾನು ಕಂಡುಕೊಂಡದ್ದು ಇದು. ಪೈರು ನೋಡಿದ ಇಂಜಿನಿಯರಿಗೆ "ಇಲ್ಲಪ್ಪ, ಇದಕ್ಕಿನ್ನೂ ಇಪ್ಪತ್ತೈದೇ ದಿನ" ಅನ್ನುವ ಸ್ವಾತಂತ್ರ್ಯ ಇತ್ತು. ಕೈಯಲ್ಲಿ ಹಿಡಿದು, ಒತ್ತಿ, ಪರೀಕ್ಷೆ ಮಾಡಬಹುದಿತ್ತು. ಬೆಲ್ಲ ಕೊಂಡವರ ಮನಸ್ಸಿನಲ್ಲಿ ಓಡಿದ್ದು ಪರೀಕ್ಷೆ ಅಲ್ಲ, ಆಸೆ.

ಪ್ಲೇಟೋನ ಭಯ ಇಲ್ಲಿ ಮತ್ತೆ ಬರುತ್ತದೆ. ಚುನಾವಣೆ ಬಂತೆಂದರೆ ನಮ್ಮ ಜಿಲ್ಲೆಯಲ್ಲಿ ಒಂದೊಂದು ಪದವೇ ಒಂದು ಭಾಷಣದ ಕೆಲಸ ಮಾಡುತ್ತದೆ. 2019ರ ಲೋಕಸಭಾ ಚುನಾವಣೆ ಯಾರಿಗೆ ಮರೆತಿದೆ? ಪಕ್ಷೇತರರಾಗಿ ನಿಂತ ಸುಮಲತಾ ಅಂಬರೀಶ್ ಅವರ ಕಡೆಯಿಂದ "ಸ್ವಾಭಿಮಾನ" ಅನ್ನುವ ಮಾತು ಬಂತು, ಅವರು ಗೆದ್ದರು. "ಜೋಡೆತ್ತು" ಅನ್ನುವ ಮಾತಂತೂ ಎರಡೂ ಕಡೆ ಓಡಾಡಿತು. ಜೋಡೆತ್ತು ಅಂದ ಕೂಡಲೇ ನಮ್ಮ ಕಣ್ಣ ಮುಂದೆ ನೊಗ ಬರುತ್ತದೆ, ಗಾಡಿ ಬರುತ್ತದೆ, ಕೊರಳ ಗೆಜ್ಜೆ, ಮನೆ ಮುಂದೆ ಕಟ್ಟಿದ ಹಟ್ಟಿಯ ದನ, ದುಡಿಮೆ, ನಿಯತ್ತು ಎಲ್ಲವೂ ಬರುತ್ತವೆ. ಯಾರು ಯಾವ ಕೆಲಸ ಮಾಡಿದರು ಅಂತ ಕೇಳುವ ಮೊದಲೇ ಮನಸ್ಸು ಮೆತ್ತಗಾಗಿರುತ್ತದೆ. ಇಂಥ ಮಾತನ್ನು ಬಳಸಬಾರದು ಅಂತ ನಾನು ಹೇಳುತ್ತಿಲ್ಲ. ಅಭಿಮಾನ, ಸಿಟ್ಟು, ಮಮತೆ ಇಲ್ಲದ ರಾಜಕೀಯ ಯಾರಿಗೆ ಬೇಕು? ನನ್ನ ತಕರಾರು ಇಷ್ಟೇ, ಆ ಪದ ಕೇಳಿದಾಗ ನಮ್ಮೊಳಗಿಂದ ಏನೇನು ಎದ್ದು ಬಂತು, ಅದರಲ್ಲಿ ಆ ಅಭ್ಯರ್ಥಿ ಹೇಳಿದ್ದೆಷ್ಟು, ನಾವೇ ಸೇರಿಸಿಕೊಂಡದ್ದೆಷ್ಟು ಅಂತ ಒಂದು ನಿಮಿಷ ನೋಡಿಕೊಳ್ಳುವ ಅಭ್ಯಾಸ ನಮಗಿಲ್ಲ.

ಮಾತಿನ ಶಕ್ತಿ ಎಲ್ಲಿಗೆ ನಿಲ್ಲುತ್ತದೆ ಅನ್ನುವುದು ನಮ್ಮವರಿಗೆ ಚೆನ್ನಾಗಿ ಗೊತ್ತು. ಇಲ್ಲದಿದ್ದರೆ ಕುರುಕ್ಷೇತ್ರ ನಾಟಕವನ್ನು ಇಷ್ಟು ಆಡುತ್ತಿದ್ದರಾ? ಊರ ಹಬ್ಬ ಬಂತೆಂದರೆ ಡ್ರಾಮಾ ಸೀನರಿ, ಹಾರ್ಮೋನಿಯಂ ಮೇಷ್ಟ್ರು, ಪಾತ್ರಕ್ಕೆ ಇಂತಿಷ್ಟು ಅಂತ ದುಡ್ಡು ಕೊಟ್ಟು ಬಣ್ಣ ಹಚ್ಚುವ ರೈತರು, ಮೇಷ್ಟ್ರುಗಳು, ಡ್ರೈವರ್‌ಗಳು. ರಾತ್ರಿ ಇಡೀ ನಡೆಯುವ ಆಟದಲ್ಲಿ ಜನ ನಿದ್ದೆಗಣ್ಣು ಉಜ್ಜಿಕೊಂಡು ನೆಟ್ಟಗೆ ಕೂರುವುದು ಕೃಷ್ಣ ಸಂಧಾನಕ್ಕೆ. ಕೃಷ್ಣನಿಗಿಂತ ಮಾತು ಬಲ್ಲವನು ಯಾರಿದ್ದಾನೆ? ಅರ್ಧ ರಾಜ್ಯ ಬೇಡ, ಐದು ಊರು ಕೊಡು ಅನ್ನುವ ತನಕ ಇಳಿಯುತ್ತಾನೆ. ದುರ್ಯೋಧನ ಸೂಜಿಮೊನೆಯಷ್ಟು ನೆಲವನ್ನೂ ಕೊಡುವುದಿಲ್ಲ ಅನ್ನುತ್ತಾನೆ, ತೊಡೆ ತಟ್ಟುತ್ತಾನೆ, ಶಿಳ್ಳೆ ಬೀಳುವುದು ಅವನಿಗೇ.

ಸಂಧಾನ ಮುರಿದುಬಿತ್ತು, ಹಾಗಾದರೆ ಕೃಷ್ಣನ ಮಾತು ವ್ಯರ್ಥವಾಯಿತಾ? ನನಗೆ ಹಾಗೆ ಅನ್ನಿಸುವುದಿಲ್ಲ. ಅವನು ದುರ್ಯೋಧನನ ಮುಖ ನೋಡಿ ಮಾತಾಡುತ್ತಿದ್ದರೂ ಮಾತು ಹೋಗಿ ಮುಟ್ಟುತ್ತಿದ್ದದ್ದು ಭೀಷ್ಮನಿಗೆ, ದ್ರೋಣನಿಗೆ, ವಿದುರನಿಗೆ, ಚಾಪೆ ಹಾಸಿಕೊಂಡು ಕೂತ ನಮಗೆ. ಐದು ಊರನ್ನೂ ಕೊಡಲಿಲ್ಲ ಅಂದ ಮೇಲೆ ಮುಂದಿನ ತೀರ್ಪು ನಮ್ಮದು, ಕೃಷ್ಣ ಅದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಸಭೆಯಲ್ಲಿ ಮೊಂಡನೊಬ್ಬನ ಎದುರು ಮಾತಾಡಬೇಕಾಗಿ ಬಂದ ಯಾರಿಗಾದರೂ ಇದು ಅನುಭವಕ್ಕೆ ಬಂದಿರುತ್ತದೆ. ಅವನು ಒಪ್ಪುವುದಿಲ್ಲ, ಸುತ್ತ ಕೂತವರು ಒಪ್ಪುತ್ತಾರೆ.

ಆದರೆ ಅದರ ಮುಂದಿನ ದೃಶ್ಯ ನನ್ನನ್ನು ಪ್ರತಿ ಸಲವೂ ಕಲಕುತ್ತದೆ. ಕೃಷ್ಣ ಕರ್ಣನನ್ನು ಒಬ್ಬನೇ ಕರೆದುಕೊಂಡು ಹೋಗಿ ಅವನ ಹುಟ್ಟಿನ ಗುಟ್ಟು ಹೇಳುತ್ತಾನೆ. ಒಂದಕ್ಷರ ಸುಳ್ಳಿಲ್ಲ. ಆದರೆ ಯುದ್ಧ ಬಾಗಿಲಿಗೆ ಬಂದ ಹೊತ್ತು. ತಮ್ಮಂದಿರ ಕಡೆ ಹೋದರೆ ಉಂಡ ಮನೆಗೆ ದ್ರೋಹ, ಹೋಗದಿದ್ದರೆ ತಮ್ಮಂದಿರ ಮೇಲೇ ಬಾಣ. ಕರ್ಣ ಯಾವ ಉತ್ತರ ಕೊಟ್ಟರೂ ಒಳಗೆ ಮುರಿಯುತ್ತಾನೆ. ಪೈರು ನೋಡಿದ ಇಂಜಿನಿಯರಿಗೆ ಇದ್ದ ಜಾಗ ಕರ್ಣನಿಗೆ ಇಲ್ಲ. ಸತ್ಯವನ್ನೇ ಹೇಳಿ, ಕೇಳುವವನಿಗೆ ಉಸಿರಾಡಲು ಜಾಗ ಬಿಡದ ಮಾತೂ ಇದೆ ಅಂತ ನನಗೆ ಕಲಿಸಿದ್ದು ಯಾವ ಗ್ರೀಕ್ ಪುಸ್ತಕವೂ ಅಲ್ಲ, ಈ ದೃಶ್ಯ. ದೇವರ ಮಾತೇ ಆದರೂ ನನ್ನ ಮನಸ್ಸು ಅಲ್ಲಿ ಕರ್ಣನ ಕಡೆಗೇ ವಾಲುತ್ತದೆ.

ಮೈಸೂರಿನಲ್ಲಿ 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದಾಗ ಅದರಲ್ಲಿ 144 ಜನ ಇದ್ದರು. ದಸರಾ ಸಮಯಕ್ಕೆ ತಾಲ್ಲೂಕು ತಾಲ್ಲೂಕಿನಿಂದ ಬಂದು ಸೇರುತ್ತಿದ್ದರು. ಕಾನೂನು ಮಾಡುವ ಅಧಿಕಾರ ಆ ಸಭೆಗೆ ಇರಲಿಲ್ಲ. ಊರಿನ ಕಷ್ಟ ಹೇಳಬಹುದು, ಕೇಳಬಹುದು, ದಿವಾನರಿಗೆ ಮನವರಿಕೆ ಮಾಡಿಕೊಡಬಹುದು, ಅಷ್ಟೇ. ಮಾತು ಬಿಟ್ಟರೆ ಬೇರೆ ಆಯುಧವೇ ಇಲ್ಲದೆ ಆ ಜನ ಹೇಗೆ ತಯಾರಾಗಿ ಬರುತ್ತಿದ್ದರೋ ಅಂತ ಪುರಭವನದ ಮುಂದೆ ಹೋಗುವಾಗೆಲ್ಲ ಯೋಚಿಸುತ್ತೇನೆ, ಆ ಕಟ್ಟಡಕ್ಕೆ ಇವತ್ತಿಗೂ ರಂಗಾಚಾರ್ಲು ಅವರದೇ ಹೆಸರು.

ಇವತ್ತು ನಮ್ಮ ಮಕ್ಕಳನ್ನು ಇದಕ್ಕೆ ಹೇಗೆ ತಯಾರು ಮಾಡುತ್ತಿದ್ದೇವೆ ಅನ್ನುವುದೇ ನನ್ನ ಸಂಕಟ. ಭಾಷಣ ಸ್ಪರ್ಧೆಗಳಿಗೆ ಆಗಾಗ ತೀರ್ಪುಗಾರರಾಗಿ ಕರೆಯುತ್ತಾರೆ, ಹೋಗುತ್ತೇನೆ. ಯಾರೋ ಬರೆದುಕೊಟ್ಟದ್ದನ್ನು ಮಗು ಬಾಯಿಪಾಠ ಮಾಡಿರುತ್ತದೆ. ಎಲ್ಲಿ ಕೈ ಎತ್ತಬೇಕು, ಎಲ್ಲಿ ಸ್ವರ ಏರಿಸಬೇಕು ಅನ್ನುವುದೂ ಬಾಯಿಪಾಠ. ಮಧ್ಯದಲ್ಲಿ ಒಂದು ಸಾಲು ಮರೆತರೆ ಮೊದಲಿಂದ ಶುರು ಮಾಡಬೇಕು, ಪಾಪ, ಕಣ್ಣಲ್ಲಿ ನೀರು ಬರುತ್ತದೆ. ಎದುರಿಗೆ ಕೂತ ಮಕ್ಕಳು ಸುಮ್ನೆ ಕಾಲು ಆಡಿಸುತ್ತಾ ತಮ್ಮ ಸರದಿಗೆ ಕಾಯುತ್ತಿರುತ್ತಾರೆ. ಕೇಳುವುದಕ್ಕೆ ಅಂಕ ಇಲ್ಲವಲ್ಲ, ಯಾಕೆ ಕೇಳುತ್ತಾರೆ? 9ನೇ ಶತಮಾನದ ಕವಿರಾಜಮಾರ್ಗ ಈ ನಾಡಿನ ಜನರನ್ನು ಹೊಗಳುವಾಗ "ಪದನರಿದು ನುಡಿಯಲುಂ ನುಡಿದುದನರಿದಾರಯಲುಂ" ಬಲ್ಲವರು ಅಂತ ಎರಡನ್ನೂ ಜೊತೆಗೇ ಹೇಳಿತ್ತು. ಹದ ನೋಡಿ ಆಡುವುದು ಒಂದು, ಆಡಿದ್ದನ್ನು ತಿಳಿದು ವಿಚಾರ ಮಾಡುವುದು ಇನ್ನೊಂದು. ನಾವು ಮೊದಲನೆಯದಕ್ಕೆ ಮಾತ್ರ ಬಹುಮಾನ ಇಟ್ಟಿದ್ದೇವೆ.

ಹಾಗಾಗಿ ಸ್ಪರ್ಧೆ ನಡೆಸುವ ಮೇಷ್ಟ್ರುಗಳಿಗೆ, ಮೇಡಂಗಳಿಗೆ ಒಂದು ಮಾತು ಕೇಳಿಕೊಳ್ಳುತ್ತೇನೆ. ವಿಷಯವನ್ನು ಊರಿನದ್ದೇ ಕೊಡಿ. ನಾಲೆ ನೀರು ಮೊದಲು ಯಾರಿಗೆ ಬರಬೇಕು, ಕೆರೆ ಅಂಗಳದಲ್ಲಿ ಬಸ್ ಸ್ಟ್ಯಾಂಡ್ ಕಟ್ಟಬಹುದಾ, ಇಂಥದ್ದು. ಒಂದು ಮಗು ಮಾತಾಡಿದ ಮೇಲೆ ಇನ್ನೊಂದು ಮಗುವನ್ನು ಎಬ್ಬಿಸಿ ಎರಡು ಪ್ರಶ್ನೆ ಕೇಳಿ: ಅವಳು ಹೇಳದೆ ಬಿಟ್ಟದ್ದು ಏನು, ನೀನು ಏನು ಸೇರಿಸಿಕೊಂಡೆ? ಆಮೇಲೆ ಮೊದಲ ಮಗುವಿಗೆ ಉತ್ತರ ಕೊಡಲು ಎರಡು ನಿಮಿಷ ಕೊಡಿ, ಚೀಟಿ ನೋಡದೆ. ಒಟ್ಟು ಅಂಕದಲ್ಲಿ ಅರ್ಧ ಮಾತಿಗೆ, ಅರ್ಧ ಕೇಳಿದ್ದಕ್ಕೆ. ಮಂಡ್ಯ, ಮದ್ದೂರು, ಮೈಸೂರು, ಎಲ್ಲಿ ಹೀಗೆ ನಡೆಸಿದರೂ ತಿಳಿಸಿ, ನಾನು ಬಂದು ಕೂರುತ್ತೇನೆ.